ದೋಣಿಯಲ್ಲಿ ನಾಯಿ, ಬೆಕ್ಕು ಇಟ್ಟುಕೊಂಡು ಆಸ್ಟ್ರೇಲಿಯಾಕ್ಕೆ ಹೊರಟಿದ್ದೀರಾ? ಮೊದಲು ಇದನ್ನು ಓದಿ

ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಯಾಟ್ (ಸ್ವಂತ ಪ್ರಯಾಣದ ದೋಣಿ) ಆಸ್ಟ್ರೇಲಿಯಾದ ಬಂದರಿಗೆ ಬರಬಹುದು, ತಪಾಸಣೆ ಮುಗಿದ ಮೇಲೆ ನೀವು ಇಳಿದು ಊರು ಸುತ್ತಿ ಬರಬಹುದು, ನಾಯಿ ಮಾತ್ರ ಇಳಿಯುವ ಹಾಗಿಲ್ಲ. ಐದು ನಿಮಿಷಕ್ಕೂ ಇಲ್ಲ. ಉಚ್ಚೆ ಮಾಡಿಸಲು ಡಿಂಗಿಯಲ್ಲಿ, ಅಂದರೆ ದಡಕ್ಕೆ ಹೋಗಿಬರುವ ಪುಟ್ಟ ದೋಣಿಯಲ್ಲಿ, ಕೂರಿಸಿಕೊಂಡು ಜನವೇ ಇಲ್ಲದ ಬೀಚಿಗೆ ಹೋಗುವಂತೆಯೂ ಇಲ್ಲ. ಲಸಿಕೆ ಕಾರ್ಡ್, ಮೈಕ್ರೋಚಿಪ್ ಎಲ್ಲ ಸರಿಯಾಗಿದೆ ಅಂತ ವಾದ ಮಾಡಿ ಪ್ರಯೋಜನವಿಲ್ಲ.

ಇಷ್ಟು ಬಿಗಿ ಯಾಕೆ? ರೇಬಿಸ್. ನಾಯಿ ಕಚ್ಚಿದರೆ ಬರುವ ರೇಬಿಸ್ ಆಸ್ಟ್ರೇಲಿಯಾದಲ್ಲಿ ಇಲ್ಲ, ಆದರೆ ಪಕ್ಕದ ದ್ವೀಪಗಳಲ್ಲಿ ಒಂದೊಂದಾಗಿ ಹರಡುತ್ತಾ ಬಂದಿದೆ. 1997ರಲ್ಲಿ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪಕ್ಕೆ ಅದು ಬಂದಿದ್ದು ಮೀನುಗಾರರ ದೋಣಿಯಲ್ಲಿ ಬಂದ ನಾಯಿಗಳ ಜೊತೆಗೆ. 2008ರಲ್ಲಿ ಬಾಲಿ, 2023ರಲ್ಲಿ ಪಶ್ಚಿಮ ಟಿಮೋರ್, 2024ರಲ್ಲಿ ಟಿಮೋರ್-ಲೆಸ್ಟೆ. ಅಲ್ಲಿಂದ ಆಸ್ಟ್ರೇಲಿಯಾದ ಉತ್ತರ ತುದಿಯ ಊರು ಡಾರ್ವಿನ್ ಸುಮಾರು 700 ಕಿಲೋಮೀಟರ್, ಯಾಟ್‌ಗೆ ಕೆಲವೇ ದಿನದ ದಾರಿ. ಹಾಗಾಗಿ ದೋಣಿಯ ನಾಯಿ ಅಂದರೆ ಅಲ್ಲಿನ ಅಧಿಕಾರಿಗಳು ಕಿವಿ ನೆಟ್ಟಗೆ ಮಾಡುತ್ತಾರೆ. ನನ್ನ ಪ್ರಕಾರ ಅದು ಅತಿಯೇನೂ ಅಲ್ಲ.

ಈಗ ಏನು ಮಾಡಬೇಕು ಅಂತ ನೋಡೋಣ. ಬಂದರು ಸೇರುವ 12 ಗಂಟೆ ಮೊದಲಾದರೂ, 96 ಗಂಟೆಗಿಂತ ಮುಂಚೆ ಅಲ್ಲದಂತೆ, ನೀವು ಬರುತ್ತಿರುವ ವಿಷಯವನ್ನು ಅಲ್ಲಿನ ಅಧಿಕಾರಿಗಳಿಗೆ ತಿಳಿಸಬೇಕು. ಆ ವರದಿಯಲ್ಲೇ ಯಾವ ಪ್ರಾಣಿ, ಎಷ್ಟು ಅಂತ ಬರೆಯಿರಿ. ಗಿಳಿ, ಹ್ಯಾಮ್‌ಸ್ಟರ್, ಗಾಜಿನ ಬಾಟಲಿಯಲ್ಲಿರುವ ಮೀನು, ಯಾವುದನ್ನೂ ಬಿಡಬೇಡಿ. ಆಮೇಲೆ ಸಿಕ್ಕ ಯಾವುದೋ ಕೊಲ್ಲಿಯಲ್ಲಿ ಲಂಗರು ಹಾಕಬೇಡಿ. ಡಾರ್ವಿನ್, ಕೇರ್ನ್ಸ್, ಬಂಡಬರ್ಗ್, ಬ್ರಿಸ್ಬೇನ್, ಸಿಡ್ನಿಯಂಥ ಮೊದಲ ಪ್ರವೇಶಕ್ಕೆ ಗೊತ್ತುಮಾಡಿದ ಬಂದರಿಗೇ ನೇರ ಹೋಗಿ, ಇನ್ನೂ ತಪಾಸಣೆ ಆಗಿಲ್ಲ ಅಂತ ತೋರಿಸುವ ಹಳದಿ ಕ್ಯೂ ಬಾವುಟ ಏರಿಸಿ, ಅಧಿಕಾರಿ ಬರುವ ತನಕ ಯಾರೂ ಇಳಿಯದೆ ಕಾಯಿರಿ. ತಪಾಸಣೆಗೆ ಶುಲ್ಕ ಇದೆ. ಪ್ರಾಣಿ ಇದ್ದರೆ ಮತ್ತೆ ಮತ್ತೆ ಬಂದು ನೋಡಬಹುದು, ಅದರ ಖರ್ಚೂ ನಿಮ್ಮದೇ ಅಂತ ಲೆಕ್ಕ ಹಾಕಿಕೊಂಡೇ ಹೊರಡಿ.

ಕಷ್ಟದ ಕೆಲಸ ಶುರುವಾಗುವುದು ಇದಾದ ಮೇಲೆ. ದೋಣಿ ಬಂದರಿನಲ್ಲಿ ಇರುವಷ್ಟು ದಿನವೂ ಪ್ರಾಣಿಯನ್ನು ಒಳಗಡೆ ಮುಚ್ಚಿದ ಜಾಗದಲ್ಲಿ ಇಡಬೇಕು. ಡೆಕ್ ಮೇಲೆ ಹಗ್ಗ ಕಟ್ಟಿ ಬಿಟ್ಟಿದ್ದೇನೆ ಅನ್ನುವುದು ಸಾಲದು. ಪಕ್ಕದ ದೋಣಿಯ ನಾಯಿಯ ಜೊತೆ ಮೂಗಿಗೆ ಮೂಗು ಮುಟ್ಟಿಸಿದರೂ ತೊಂದರೆಯೇ. ಡಾರ್ವಿನ್, ಕೇರ್ನ್ಸ್‌ನ ಸೆಕೆ ನಮ್ಮ ಮಂಗಳೂರಿನ ಏಪ್ರಿಲ್ ಸೆಕೆಗೆ ಕಮ್ಮಿಯಿಲ್ಲ, ಹ್ಯಾಚ್ (ಡೆಕ್ ಮೇಲಿನ ಬಾಗಿಲು) ಮುಚ್ಚಿದರೆ ನಾಯಿ ಬೆಂದುಹೋಗುತ್ತದೆ, ತೆರೆದರೆ ಬೆಕ್ಕು ಹಾರುತ್ತದೆ. ಅದಕ್ಕೆ ಹ್ಯಾಚ್, ಕಿಟಕಿಗಳಿಗೆಲ್ಲ ಗಟ್ಟಿ ಜಾಲರಿ ಮೊದಲೇ ಹೊಡೆಸಿ, ಒಂದೆರಡು ಫ್ಯಾನ್ ಜಾಸ್ತಿ ಹಾಕಿಸಿ. ಆಗುವುದಾದರೆ ಮರೀನಾದ (ದೋಣಿಗಳನ್ನು ಹಲಗೆಕಟ್ಟೆಗೆ ಕಟ್ಟಿ ನಿಲ್ಲಿಸುವ ಜಾಗ) ಒಳಗೆ ನಿಲ್ಲುವ ಬದಲು ಹೊರಗೆ ಲಂಗರು ಹಾಕಿ. ನೀರು ದಾಟಿ ಹೋಗುವ ಬೆಕ್ಕು ಕಮ್ಮಿ, ಹಲಗೆ ದಾಟಿ ಹೋಗುವ ಬೆಕ್ಕು ಬೇಕಾದಷ್ಟು.

ನಾಯಿಗೆ ಒಂದು ತುಂಡು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಉಚ್ಚೆ ಮಾಡುವ ಅಭ್ಯಾಸವನ್ನು ಹೊರಡುವ ತಿಂಗಳುಗಳ ಮುಂಚೆಯೇ ಮಾಡಿಸಿ, ಬಂದರಿಗೆ ಬಂದ ಮೇಲೆ ಕಲಿಸೋಣ ಅಂದರೆ ಆಗದ ಮಾತು. ಬೆಕ್ಕು ಹೇಲುವ ಮಣ್ಣು, ನಾಯಿಯ ಹೇಲು, ಉಳಿದ ಪ್ರಾಣಿ ಆಹಾರ ಯಾವುದನ್ನೂ ಮರೀನಾದ ಕಸದ ಡಬ್ಬಿಗೆ ಹಾಕುವಂತಿಲ್ಲ, ಸಮುದ್ರಕ್ಕೂ ಎಸೆಯುವಂತಿಲ್ಲ. ಎರಡು ಚೀಲದಲ್ಲಿ ಗಂಟು ಕಟ್ಟಿಡಿ, ಬಯೋಸೆಕ್ಯುರಿಟಿ ಕಸ (ರೋಗ ತರಬಹುದಾದ ಇಂಥ ಕಸ) ಎಲ್ಲಿ ಕೊಡಬೇಕು ಅಂತ ಅಧಿಕಾರಿಯನ್ನೇ ಕೇಳಿ.

ಪ್ರಾಣಿ ಕಾಯಿಲೆ ಬಿದ್ದರೆ ಎತ್ತಿಕೊಂಡು ವೆಟ್ ಹತ್ತಿರ ಓಡಬೇಡಿ, ಮೊದಲು ಅಧಿಕಾರಿಗೆ ಫೋನ್ ಮಾಡಿ. ಮರಿ ಹಾಕಿದರೂ ಹೇಳಬೇಕು, ಸತ್ತರೂ ಹೇಳಬೇಕು, ಹೆಣವನ್ನು ನೀವೇ ನೀರಿಗೆ ಬಿಡುವಂತಿಲ್ಲ. ತಪ್ಪಿಸಿಕೊಂಡು ಓಡಿಹೋದರೆ ಹುಡುಕಿಕೊಂಡು ಬಂದು ಆಮೇಲೆ ಹೇಳೋಣ ಅನ್ನಬೇಡಿ, ಆ ಕ್ಷಣವೇ ತಿಳಿಸಿ. ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 2015ರ ಕಥೆ ಎಲ್ಲರಿಗೂ ಗೊತ್ತು. ನಟ ಜಾನಿ ಡೆಪ್ ಮತ್ತು ಆಂಬರ್ ಹರ್ಡ್ ಖಾಸಗಿ ವಿಮಾನದಲ್ಲಿ ಪಿಸ್ಟಲ್, ಬೂ ಅನ್ನುವ ಎರಡು ಪುಟ್ಟ ನಾಯಿಗಳನ್ನು ಹೇಳದೆ ತಂದಿದ್ದರು. ನಾಯಿಗಳ ಫೋಟೋ ಹೊರಬಿತ್ತು, ವಾಪಸ್ ಕಳಿಸಿ, ಇಲ್ಲವಾದರೆ ಕೊಲ್ಲಬೇಕಾಗುತ್ತದೆ ಅಂತ ಮಂತ್ರಿ ಬಾರ್ನಬಿ ಜಾಯ್ಸ್ ಗಡುವು ಕೊಟ್ಟರು, ವಿಷಯ ಕೋರ್ಟಿಗೂ ಹೋಯಿತು.

ಹಾಗಾದರೆ ನಾಯಿಯನ್ನು ಇಳಿಸುವ ದಾರಿಯೇ ಇಲ್ವಾ? ಇದೆ, ಆದರೆ ದೋಣಿಯಲ್ಲಿ ಅಲ್ಲ. ಆಮದು ಪರವಾನಗಿ ಪಡೆದು, ರಕ್ತದಲ್ಲಿ ರೇಬಿಸ್ ಪ್ರತಿಕಾಯ ಸಾಕಷ್ಟಿದೆ ಅಂತ ಪರೀಕ್ಷೆಯಲ್ಲಿ ತೋರಿಸಿ, ಮಾದರಿ ಲ್ಯಾಬ್ ತಲುಪಿದ ದಿನದಿಂದ 180 ದಿನ ಕಾದು, ಮೆಲ್ಬರ್ನ್‌ಗೆ ವಿಮಾನದಲ್ಲಿ ತಂದು, ಮಿಕಲ್‌ಹ್ಯಾಮ್‌ನ ಸರ್ಕಾರಿ ಕ್ವಾರಂಟೈನ್ ಕೇಂದ್ರದಲ್ಲಿ ಬಿಡಬೇಕು. ಅಲ್ಲಿ ಕನಿಷ್ಠ 10 ದಿನ, ರಕ್ತಪರೀಕ್ಷೆಗೆ ಮೊದಲು ಪ್ರಾಣಿಯ ಗುರುತನ್ನು ಅದನ್ನು ಕಳಿಸುವ ದೇಶದ ಸರ್ಕಾರ ಖಚಿತಪಡಿಸಿರದಿದ್ದರೆ ಕನಿಷ್ಠ 30 ದಿನ. ಇನ್ನೊಂದು ಕೊಕ್ಕೆ ಇದೆ: ಭಾರತ ಅನುಮತಿ ಇರುವ ದೇಶಗಳ ಪಟ್ಟಿಯಲ್ಲೇ ಇಲ್ಲ. ಬೆಂಗಳೂರಿನಿಂದ ನೇರ ಕಳಿಸಲಾಗುವುದಿಲ್ಲ, ಸಿಂಗಾಪುರದಂಥ ದೇಶವೊಂದಕ್ಕೆ ಮೊದಲು ಕರೆದುಕೊಂಡು ಹೋಗಿ, ಅಲ್ಲಿಂದ ತರಬೇಕು. ಮೆಲ್ಬರ್ನ್‌ಗೆ ಹೊಸದಾಗಿ ಬರುವ ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲೇ. ಹ್ಯಾಮ್‌ಸ್ಟರ್‌ಗಂತೂ ಈ ದಾರಿಯೂ ಇಲ್ಲ.

ಮರ್ಚೆಂಟ್ ನೇವಿಯಲ್ಲಿ ಇರುವವರಿಗೂ ಇದು ಅನ್ವಯ. ಹಡಗಿನ ಬೆಕ್ಕನ್ನು ಕ್ಯಾಪ್ಟನ್ ವರದಿಯಲ್ಲಿ ಸೇರಿಸಬೇಕು, ಬಂದರಿನಲ್ಲಿ ಕೂಡಿ ಹಾಕಬೇಕು, ಗ್ಯಾಂಗ್‌ವೇ (ಹಡಗಿನಿಂದ ದಡಕ್ಕೆ ಇಳಿಯುವ ಹಲಗೆ) ಹತ್ತಿರ ಬಿಡಬಾರದು. 1801ರಿಂದ 1803ರವರೆಗೆ ಇಂಗ್ಲಿಷ್ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್ ಜೊತೆ ಆಸ್ಟ್ರೇಲಿಯಾವನ್ನೇ ಸುತ್ತಿದ ಟ್ರಿಮ್ ಅನ್ನುವ ಬೆಕ್ಕಿಗೆ ಸಿಡ್ನಿಯಲ್ಲಿ ಪ್ರತಿಮೆ ಇದೆ. ಇವತ್ತು ಬಂದಿದ್ದರೆ ಅದನ್ನೂ ಕ್ಯಾಬಿನ್ ಒಳಗೆ ಹಾಕಿ ಚಿಲಕ ಹಾಕುತ್ತಿದ್ದರು.

ಆಸ್ಟ್ರೇಲಿಯಾದಲ್ಲೇ ಇರುವವರಿಗೆ ಒಂದು ಮಾತು. ಡಾರ್ವಿನ್‌ನಿಂದ ಇಂಡೋನೇಷ್ಯಾಕ್ಕೆ ಯಾಟ್‌ನಲ್ಲಿ ಸುಮ್ನೆ ಒಂದು ಸುತ್ತು ಹೋಗಿಬರೋಣ ಅಂತ ನಿಮ್ಮ ನಾಯಿಯನ್ನೂ ಹತ್ತಿಸಿಕೊಂಡರೆ, ವಾಪಸ್ ಬರುವಾಗ ಅದು ಇಲ್ಲೇ ಹುಟ್ಟಿದ ನಾಯಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಇಂಡೋನೇಷ್ಯಾವೂ ಆ ಪಟ್ಟಿಯಲ್ಲಿಲ್ಲ. ನಾಯಿಯನ್ನು ಗೆಳೆಯರ ಮನೆಯಲ್ಲೋ ಕೆನೆಲ್‌ನಲ್ಲೋ ಬಿಟ್ಟು ಹೋಗಿ.