ಚಾವಡಿಯಲ್ಲಿ ತೂಗಿದ ಅಡಕೆ ಮತ್ತು ನನ್ನ ಎಡಗಣ್ಣು

ಶಾಲೆಯಿಂದ ನಿವೃತ್ತನಾದ ಮೇಲೂ ಬದಿಯಡ್ಕದಿಂದ ನೀರ್ಚಾಲು ದಾಟಿ ಕುಂಬಳೆಗೆ ವಾರಕ್ಕೆ ಎರಡು ಸಲವಾದರೂ ಸ್ಕೂಟರಿನಲ್ಲಿ ಹೋಗಿಬರುವುದು ನನ್ನ ರೂಢಿಯಾಗಿತ್ತು. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದೆ ಕುಳಿತ ಮನೆಯವಳದು ಒಂದೇ ತಕರಾರು: "ಎಡಗಡೆ ಅಷ್ಟು ಜಾಗ ಉಂಟಲ್ಲ, ನೀವು ಮಧ್ಯಕ್ಕೆ ಯಾಕೆ ಹೋಗುವುದು?" ನನಗಾದರೋ ಎಡಬದಿಯ ಪಾಗಾರಗಳೂ ನಡೆದುಹೋಗುವವರೂ ಮೈಮೇಲೆಯೇ ಬಂದಂತೆ ಕಾಣುತ್ತಿತ್ತು, ಬಲಬದಿಯಲ್ಲಿ ಎದುರಿನಿಂದ ಬಂದು ದಾಟುವ ವಾಹನಗಳು ಮಾತ್ರ ಬೇಕಾದಷ್ಟು ದೂರದಲ್ಲಿರುವಂತೆ ತೋರುತ್ತಿದ್ದವು. ಒಂದು ದಿನ ಪಿಕಪ್ ಒಂದರ ಕನ್ನಡಿ ನನ್ನ ಮೊಣಕೈಯನ್ನು ಸವರಿಕೊಂಡೇ ಹೋಯಿತು. ಎಡಗಣ್ಣಿನಲ್ಲಿ ಪೊರೆ ಬೆಳೆಯುತ್ತಿರುವುದು ನನಗೆ ಗೊತ್ತಿತ್ತು. ಆದರೆ ಮಬ್ಬು ಕಾಣುವುದು ಬೇರೆ, ದೂರದ ಅಂದಾಜು ಹೀಗೆ ಒಂದೇ ದಿಕ್ಕಿಗೆ ತಪ್ಪುವುದು ಬೇರೆ.

ಆಗ ನೆನಪಾದದ್ದು ಕಾರ್ಲ್ ಪುಲ್‌ಫ್ರಿಖ್. ಜರ್ಮನಿಯ ಯೇನಾ ಊರಿನ ಝೈಸ್ ಕಾರ್ಖಾನೆಯಲ್ಲಿದ್ದ ಈ ವಿಜ್ಞಾನಿ 1922ರಲ್ಲಿ ವಿವರಿಸಿದ ಸಂಗತಿ ಇದು: ಒಂದು ಕಣ್ಣಿಗೆ ಕಪ್ಪು ಗಾಜು ಹಿಡಿದು, ಎಡಬಲಕ್ಕೆ ನೇರವಾಗಿ ತೂಗುವ ಲೋಲಕವನ್ನು ಎರಡೂ ಕಣ್ಣು ತೆರೆದು ನೋಡಿದರೆ ಅದು ಅಂಡಾಕಾರದಲ್ಲಿ ಸುತ್ತುವಂತೆ ಕಾಣುತ್ತದೆ. ಬೆಳಕು ಕಡಿಮೆಯಾದಾಗ ರೆಟಿನಾ ನಿಧಾನವಾಗಿ ಸ್ಪಂದಿಸುತ್ತದೆ. ಆದ್ದರಿಂದ ಕಪ್ಪು ಗಾಜಿನ ಹಿಂದಿನ ಕಣ್ಣು ಲೋಲಕವನ್ನು ಅದು ಕ್ಷಣದ ಹಿಂದೆ ಇದ್ದ ಜಾಗದಲ್ಲಿ ಕಾಣುತ್ತದೆ. ಎರಡು ಕಣ್ಣುಗಳ ವರದಿಯಲ್ಲಿ ಹೀಗೆ ಹುಟ್ಟಿದ ಸ್ಥಾನವ್ಯತ್ಯಾಸವನ್ನು ಮಿದುಳು ದೂರದ ವ್ಯತ್ಯಾಸವೆಂದೇ ಓದಿಕೊಳ್ಳುತ್ತದೆ. ಆ ಹೊತ್ತಿಗಾಗಲೇ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ ಪುಲ್‌ಫ್ರಿಖ್ ಈ ಸುತ್ತನ್ನು ತಾನೇ ನೋಡಲಾರದವನಾಗಿದ್ದ. ನನಗಿದ್ದದ್ದು ತದ್ವಿರುದ್ಧವಾದ ಅನುಕೂಲ: ಗಾಜಿನ ಕೆಲಸವನ್ನು ಪೊರೆಯೇ ಮಾಡುತ್ತಿರಬಹುದು.

ಚಾವಡಿಯ ಅಡ್ಡಕ್ಕೆ ಒಂದು ಮೀಟರ್ ಹುರಿ ಕಟ್ಟಿ, ಸಿಪ್ಪೆ ಸಮೇತ ಒಣಗಿದ ಅಡಕೆಯೊಂದಕ್ಕೆ ಎಲೆತಟ್ಟೆಯ ಸುಣ್ಣ ಬಳಿದು ತೂಗಿಸಿದೆ. ಎರಡು ಮೀಟರ್ ದೂರದಲ್ಲಿ, ಅಡಕೆ ಕಣ್ಣಿನ ಮಟ್ಟಕ್ಕೆ ಬರುವಂತೆ ಕುಳಿತು, ಅದನ್ನು ಎಡಬಲಕ್ಕೆ 20 ಸೆಂಟಿಮೀಟರಿನಷ್ಟು ತೂಗಲು ಮೊಮ್ಮಗನಿಗೆ ಹೇಳಿದೆ. ಮೊದಲ ತೂಗಿನಲ್ಲೇ ಅದು ಸುತ್ತತೊಡಗಿತು: ಬಲಕ್ಕೆ ಹೋಗುವಾಗ ಆಚೆಯಿಂದ, ಎಡಕ್ಕೆ ಬರುವಾಗ ಈಚೆಯಿಂದ. "ಅದು ಸೀದಾ ಹೋಗಿಬರುವುದಷ್ಟೇ ಅಜ್ಜಾ, ಸುತ್ತು ಎಲ್ಲುಂಟು?" ಎಂದು ಅವನು ನಕ್ಕ. ಒಂದು ಕಣ್ಣು ಮುಚ್ಚಿದರೆ ನನಗೂ ಸುತ್ತು ಇರಲಿಲ್ಲ. ಸ್ಕೂಟರಿನ ಗುಟ್ಟು ಅಲ್ಲಿಗೇ ಬಯಲಾಯಿತು: ಸವಾರನ ಎಡಬದಿಯ ವಸ್ತುಗಳು ಎಡಕ್ಕೂ ಬಲಬದಿಯವು ಬಲಕ್ಕೂ ಸರಿಯುತ್ತವೆ; ಹಾಗಾಗಿ ಎಡಬದಿಯದು ಹತ್ತಿರ, ಬಲಬದಿಯದು ದೂರ.

ಇಷ್ಟಕ್ಕೇ ಬಿಡಲು ಲೆಕ್ಕದ ಮೇಷ್ಟ್ರ ಮನಸ್ಸು ಒಪ್ಪಲಿಲ್ಲ. ಅಡಕೆಯ ಹಾದಿಯ ಕೆಳಗೆ ನನ್ನ ನೋಟದ ನೇರಕ್ಕೆ ಒಂದು ಎತ್ತರದ ಬೆಂಚು ಇರಿಸಿ, ಬಟಾಟೆಯ ತುಂಡಿಗೆ ಚುಚ್ಚಿದ ಹಿಡಿಸೂಡಿ ಕಡ್ಡಿಯನ್ನು ಅದರ ಮೇಲೆ ಮೊಮ್ಮಗ ಹಿಂದೆ ಮುಂದೆ ಸರಿಸುತ್ತಿದ್ದ. ಎಡಕ್ಕೆ ಬರುವ ಅಡಕೆ ಸರಿಯಾಗಿ ಕಡ್ಡಿಯ ತುದಿಯ ಮೇಲೆಯೇ ಹಾದಂತೆ ಕಂಡಾಗ ನಿಲ್ಲಿಸೆಂದೆ. ಕಡ್ಡಿ ಅಡಕೆಯ ನಿಜವಾದ ಹಾದಿಗಿಂತ 18 ಸೆಂಟಿಮೀಟರ್ ಈಚೆ ಇತ್ತು. ಎರಡು ಕಣ್ಣುಗಳ ನಡುವಿನ ಅಂತರವನ್ನು 63 ಮಿಲಿಮೀಟರ್ ಎಂದು ಹಿಡಿದು ಸಮರೂಪ ತ್ರಿಕೋನದ ಲೆಕ್ಕ ಹಾಕಿದರೆ, ನನ್ನ ಎಡಗಣ್ಣು ಅಡಕೆಯನ್ನು ಬಲಗಣ್ಣಿಗಿಂತ ಸುಮಾರು 6.2 ಮಿಲಿಮೀಟರ್ ಹಿಂದೆ ಕಾಣುತ್ತಿತ್ತು. ಆ ಲೋಲಕದ ಮಧ್ಯದ ವೇಗ ಸೆಕೆಂಡಿಗೆ 63 ಸೆಂಟಿಮೀಟರ್. ಅಂದರೆ ವಿಳಂಬ ಸೆಕೆಂಡಿನ ನೂರನೇ ಒಂದು ಭಾಗ.

ಮುಂದಿನ ಕೆಲಸ ಅದನ್ನು ಸರಿದೂಗಿಸುವುದು. ಒಳ್ಳೆಯ ಕಣ್ಣಾದ ಬಲಗಣ್ಣಿಗೆ ತಂಪು ಕನ್ನಡಕದ ಗಾಜು ಹಿಡಿದಾಗ ಅಡಕೆ ಉಲ್ಟಾ ಸುತ್ತಿತು; ಮದ್ದು ಹೆಚ್ಚಾಯಿತು. ಹಳೆಯ ಎಕ್ಸ್‌ರೇ ಹಾಳೆಯಿಂದ ಬೇರೆ ಬೇರೆ ಛಾಯೆಯ ತುಂಡುಗಳನ್ನು ಕತ್ತರಿಸಿ ಒಂದೊಂದಾಗಿ ಹಿಡಿಯುತ್ತ ಹೋದಾಗ, ತೆಳು ಬೂದು ಬಣ್ಣದ ಒಂದು ತುಂಡಿಗೆ ಸುತ್ತು ಚಪ್ಪಟೆಯಾಗಿ ಅಡಕೆ ನೆಟ್ಟಗೆ ತೂಗತೊಡಗಿತು. ಒಳ್ಳೆಯ ಕಣ್ಣನ್ನು ಮಂದಮಾಡಿ ದೃಷ್ಟಿ ಸರಿಮಾಡಿಕೊಳ್ಳುವುದು ಎಂಥ ವಿಚಿತ್ರ! ಹಾಗೆಂದು ಆ ತುಂಡನ್ನು ಕಟ್ಟಿಕೊಂಡು ನಾನು ರಸ್ತೆಗೆ ಇಳಿಯಲಿಲ್ಲ; ಸ್ಕೂಟರನ್ನು ಕೊಟ್ಟಿಗೆಯ ಬದಿಗೆ ಸೇರಿಸಿದೆ.

ನೇರ ಮೂಗಿನೆದುರಿಗೇ ಬರುವ ಬಸ್ಸಿನ ವಿಷಯದಲ್ಲಿ ನನಗೆ ಏಕೆ ತೊಂದರೆಯಾಗಲಿಲ್ಲ ಎಂಬುದನ್ನು ಅರ್ಥಮಾಡಿಕೊಳ್ಳಲು ಹೆಚ್ಚು ಸಮಯ ಹಿಡಿಯಿತು. ಹತ್ತಿರ ಬರುವ ವಸ್ತುವನ್ನು ಎರಡು ಕಣ್ಣುಗಳಿಂದ ಅರಿಯಲು ಮಿದುಳಿಗೆ ಎರಡು ದಾರಿಗಳಿವೆ. ಒಂದು, ಎರಡೂ ಚಿತ್ರಗಳ ಸ್ಥಾನವ್ಯತ್ಯಾಸವನ್ನು ಕ್ಷಣಕ್ಷಣಕ್ಕೂ ತೆಗೆದು ಅದು ಬದಲಾಗುವುದನ್ನು ಗಮನಿಸುವುದು. ಇನ್ನೊಂದು, ಒಂದೊಂದು ಕಣ್ಣಿನಲ್ಲಿಯೂ ಚಿತ್ರ ಸರಿಯುವ ವೇಗವನ್ನು ಮೊದಲು ಅಳೆದು ಆಮೇಲೆ ಹೋಲಿಸುವುದು. ಎರಡು ಚಿತ್ರಗಳೂ ಸಮವೇಗದಲ್ಲಿ ವಿರುದ್ಧ ದಿಕ್ಕಿಗೆ ಸರಿದರೆ ವಸ್ತು ಮೂಗಿನ ನೇರಕ್ಕೆ ಬರುತ್ತಿದೆ. ಒಂದು ಕಣ್ಣಿನ ಚಿತ್ರ ನಿಂತೇ ಇದ್ದರೆ ಆ ಕಣ್ಣಿನತ್ತಲೇ ಬರುತ್ತಿದೆ. ಈ ವೇಗಗಳ ಅನುಪಾತದ ಮಹತ್ವವನ್ನು ದೃಷ್ಟಿವಿಜ್ಞಾನಿಗಳಾದ ಬೆವರ್ಲಿ ಮತ್ತು ರೀಗನ್ 1970ರ ದಶಕದಲ್ಲಿ ಎತ್ತಿ ತೋರಿಸಿದರು. ನೂರನೇ ಒಂದು ಸೆಕೆಂಡಿನ ವಿಳಂಬದಿಂದ ಈ ಅನುಪಾತ ಹೆಚ್ಚೇನೂ ಕೆಡುವುದಿಲ್ಲ. ಮೇಲಾಗಿ, ಬಸ್ಸು 20 ಮೀಟರ್ ದೂರದಲ್ಲಿರುವಾಗ ಎರಡು ಕಣ್ಣುಗಳ ನೋಟದ ನಡುವಿನ ಕೋನ 0.18 ಡಿಗ್ರಿ ಮಾತ್ರ, ಎರಡು ಮೀಟರಿಗೆ ಬಂದಾಗ 1.8 ಡಿಗ್ರಿ. ಆದ್ದರಿಂದ ದೂರದಲ್ಲಿ ಮಿದುಳು ಹೆಚ್ಚಾಗಿ ನಂಬುವುದು ಚಿತ್ರ ದೊಡ್ಡದಾಗುವ ವೇಗವನ್ನು, ಅದಕ್ಕೆ ಒಂದೇ ಕಣ್ಣು ಸಾಕು.

ಮಂಗಳೂರಿನಲ್ಲಿ ಎಡಗಣ್ಣಿನ ಪೊರೆ ತೆಗೆಸಿದ ಆರು ವಾರಗಳ ಮೇಲೆ ಅದೇ ಹುರಿಗೆ ಅದೇ ಅಡಕೆ ಕಟ್ಟಿದೆವು. ನೆಟ್ಟಗೆ ತೂಗುತ್ತದೆಂದು ಎಣಿಸಿದ್ದೆ. ಈ ಸಲ ಅದು ಬಲಕ್ಕೆ ಹೋಗುವಾಗ ಈಚೆಯಿಂದ ಹೋಯಿತು. ಕಡ್ಡಿ ನಿಂತದ್ದು ಹಾದಿಯಿಂದ ನಾಲ್ಕು ಬೆರಳು ಈಚೆ. ಮರುತಪಾಸಣೆಯ ದಿನ ಡಾಕ್ಟರರಿಗೆ ಬಲಗಣ್ಣನ್ನೂ ಒಮ್ಮೆ ನೋಡಬೇಕೆಂದು ಕೇಳಿಕೊಂಡೆ. ದೀಪ ಹಿಡಿದು ನೋಡಿದವರು, ಇದರಲ್ಲೂ ಪೊರೆ ಶುರುವಾಗಿದೆ, ನಿಮಗೆ ಹೇಗೆ ಗೊತ್ತಾಯಿತು ಎಂದರು.