ಬೋರ್ಡ್ ಹಾಕದೆ ಉಪ್ಪು ಇಳಿಸಿದ್ದು: ಸರ್ಕಾರಿ ಕ್ಯಾಂಟೀನಿನಲ್ಲಿ ನನ್ನ ಅನುಭವ

ನಮ್ಮ ಕ್ಯಾಂಟೀನಿನ ಮಧ್ಯಾಹ್ನದ ಊಟದಲ್ಲಿ ಈಗ ತಟ್ಟೆಗೆ ಸುಮಾರು ಎರಡೂವರೆ ಗ್ರಾಂ ಉಪ್ಪಿದೆ. ಶುರು ಮಾಡಿದಾಗ ನಾಲ್ಕರ ಹತ್ತಿರ ಇತ್ತು. ಇಳಿಸೋಕೆ ಒಂದೂವರೆ ವರ್ಷ ಹಿಡಿಯಿತು. ಅಷ್ಟೂ ದಿನ "ಊಟ ಸಪ್ಪೆ" ಅಂತ ಬಂದ ದೂರು ಬೆರಳೆಣಿಕೆಯಷ್ಟು. ಅದರಲ್ಲೂ ಒಂದೆರಡು ನಾವು ಏನನ್ನೂ ಮುಟ್ಟದ ವಾರದಲ್ಲಿ ಬಂದವು! "ಜನ ತಟ್ಟೆ ಬಿಟ್ಟು ಎದ್ದು ಹೋಗ್ತಾರೆ ನೋಡಿ" ಎಂದಿದ್ದ ಮೇಲಿನವರೇ ಈಗ ಬೇರೆ ಕಚೇರಿಯವರನ್ನು ಕರೆದುಕೊಂಡು ಬಂದು ನಮ್ಮ ಅಡುಗೆಮನೆ ತೋರಿಸುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಸುತ್ತೋಲೆಗಳ ಹಣೆಬರಹ ನಿಮಗೆ ಗೊತ್ತೇ ಇದೆ. ದಿನಕ್ಕೆ 5 ಗ್ರಾಂ ಮೀರಬಾರದು ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ, ಉಪ್ಪಿನ ಬಳಕೆಯನ್ನು ಶೇ 30ರಷ್ಟು ಇಳಿಸುತ್ತೇವೆ ಅಂತ 2013ರಲ್ಲಿ ದೇಶಗಳು ಒಪ್ಪಿಕೊಂಡ ಗುರಿ, 2025ರ ಗಡುವು, ಎಲ್ಲಾ ಬರೆದಿರುತ್ತಾರೆ. ಹೇಗೆ ಇಳಿಸಬೇಕು ಅಂತ ಮಾತ್ರ ಇರುವುದಿಲ್ಲ. 2023ರಲ್ಲಿ ಅದೇ ಸಂಸ್ಥೆ ವರದಿ ಮಾಡಿದಾಗ ಜಗತ್ತಿನ ಸರಾಸರಿ ಇನ್ನೂ 10.8 ಗ್ರಾಂನಲ್ಲೇ ನಿಂತಿತ್ತು.

ನಾವೂ ಮೊದಲು ಎಲ್ಲರಂತೆ ಪೋಸ್ಟರ್ ಅಂಟಿಸಿದೆವು. ಅದರ ಬಗ್ಗೆ ಹೇಳೋಕೆ ಏನೂ ಇಲ್ಲ, ಮುದ್ರಣದ ದುಡ್ಡು ಹೋಯಿತು ಅಷ್ಟೇ. ಆಮೇಲೆ ಒಂದು ಸೂಪಿನ ಪಾತ್ರೆ ಮುಂದೆ "ಕಡಿಮೆ ಉಪ್ಪು" ಅಂತ ಬೋರ್ಡ್ ಇಟ್ಟೆವು. ಊಟದ ಹೊತ್ತು ಮುಗಿದರೂ ಮುಕ್ಕಾಲು ಪಾತ್ರೆ ಹಾಗೇ ಉಳಿದಿತ್ತು. ಮುಂದಿನ ವಾರ ಅದೇ ಸೂಪ್, ಅದೇ ತೂಕದ ಉಪ್ಪು, ಬೋರ್ಡ್ ಮಾತ್ರ ತೆಗೆದೆವು. ಒಂದು ಗಂಟೆಗೆಲ್ಲ ಪಾತ್ರೆ ಖಾಲಿ. ಕಡಿಮೆ ಅಂತ ಓದಿದ ಮೇಲೆ ನಾಲಿಗೆ ಸಪ್ಪೆಯನ್ನೇ ಹುಡುಕುತ್ತದೆ, ಅಲ್ವಾ? ಅವತ್ತಿನಿಂದ ನಮ್ಮಲ್ಲಿ ಒಂದೇ ನಿಯಮ: ಏನು ಮಾಡಿದರೂ ಹೇಳಬಾರದು.

ಮೇಜಿನ ಮೇಲಿನ ಉಪ್ಪಿನ ಡಬ್ಬಿ ಎತ್ತಿಬಿಡಿ ಎಂದವರೂ ಇದ್ದರು. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪ್ರಾಂತ್ಯ 2011ರಲ್ಲಿ ಹೋಟೆಲ್‌ಗಳಲ್ಲಿ ಹಾಗೆ ಮಾಡಿತ್ತು. ನಮ್ಮಲ್ಲಿ ಎತ್ತಿದ ಮಾರನೇ ದಿನವೇ ಜನ ಡ್ರಾಯರ್‌ನಲ್ಲಿ ಪೊಟ್ಟಣ ಇಟ್ಟುಕೊಳ್ಳೋಕೆ ಶುರು ಮಾಡಿದರು. ವಾಪಸ್ ಇಟ್ಟೆವು, ಆದರೆ ಡಬ್ಬಿ ಬದಲಾಯಿಸಿ. ಇಂಗ್ಲೆಂಡಿನ ಗೇಟ್ಸ್‌ಹೆಡ್ ಕೌನ್ಸಿಲ್ ಕರಿದ ಮೀನಿನ ಅಂಗಡಿಗಳಿಗೆ ಹದಿನೇಳು ತೂತಿನ ಡಬ್ಬಿ ಬದಲು ಐದು ತೂತಿನದ್ದು ಹಂಚಿತ್ತು. ಅದೇ ಉಪಾಯ. ಜನ ಎಷ್ಟು ಸಲ ಅಲ್ಲಾಡಿಸುತ್ತಾರೆ ಅನ್ನುವುದು ಅಭ್ಯಾಸ, ಎಷ್ಟು ಬಿತ್ತು ಅಂತ ಯಾರೂ ನೋಡುವುದಿಲ್ಲ. ಅಡುಗೆಯಲ್ಲಿ ಕಡಿಮೆ ಮಾಡಿದರೆ ಮೇಜಿನಲ್ಲಿ ಅಷ್ಟನ್ನೂ ಹಾಕಿಕೊಳ್ತಾರೆ ಅನ್ನುವ ವಾದವನ್ನು ಅಮೆರಿಕದಲ್ಲಿ 1987ರಲ್ಲೇ ಪರೀಕ್ಷೆ ಮಾಡಿದ್ದರು. ತೆಗೆದ ಉಪ್ಪಿನ ಐದನೇ ಒಂದು ಪಾಲಷ್ಟೇ ಮೇಜಿನಿಂದ ವಾಪಸ್ ಬಂದಿತ್ತು. ನಮ್ಮ ಡಬ್ಬಿ ತುಂಬಿಸುವ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ ಹೇಳಿತು.

ಸೋಡಿಯಂ ಕಡಿಮೆಯಾಗಲಿ ಅಂತ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನೂ ನೋಡಿದೆವು. ಚೀನಾದ 600 ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 2021ರಲ್ಲಿ ಬಂದಾಗ ಎಲ್ಲರ ಬಾಯಲ್ಲೂ ಅದೇ ಮಾತು. ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಗಿತ್ತು. ಮನೆಗೆ ಸರಿ. ನಮಗೆ ಎರಡು ತೊಡಕು. ಮಾಮೂಲಿ ಉಪ್ಪಿಗಿಂತ ಮೂರು ನಾಲ್ಕು ಪಟ್ಟು ದುಬಾರಿ. ಅದಕ್ಕಿಂತ ಮುಖ್ಯ, ಕಿಡ್ನಿ ಸರಿಯಿಲ್ಲದವರಿಗೆ ಪೊಟ್ಯಾಸಿಯಂ ಅಪಾಯ; ಸಾಲಿನಲ್ಲಿ ನಿಂತವರಲ್ಲಿ ಯಾರಿಗೆ ಕಿಡ್ನಿ ತೊಂದರೆ ಇದೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿಯೂ ಇದನ್ನು ಮನೆ ಬಳಕೆಗೆ ಮಾತ್ರ ಹೇಳಿ, ಹೋಟೆಲ್ ಊಟ ಮತ್ತು ಪ್ಯಾಕೆಟ್ ತಿನಿಸನ್ನು ಹೊರಗಿಟ್ಟಿತು. ನಮ್ಮ ಉಗ್ರಾಣದಲ್ಲಿ ಅರ್ಧ ಚೀಲ ಇನ್ನೂ ಕೂತಿದೆ.

ಕೆಲಸ ನಿಜವಾಗಿ ಹಿಡಿತಕ್ಕೆ ಬಂದಿದ್ದು ತಕ್ಕಡಿಯಿಂದ. ನಮ್ಮ ಮುಖ್ಯ ಅಡುಗೆಯವರು ಉಪ್ಪು ಹಾಕುತ್ತಿದ್ದುದು ಹಿಡಿ ಲೆಕ್ಕದಲ್ಲಿ. "ಉಪ್ಪಿಗಿಂತ ರುಚಿ ಬೇರೆ ಇಲ್ಲ ಸರ್, ಸುಮ್ನೆ ಇದಕ್ಕೆ ಕೈ ಹಾಕಬೇಡಿ" ಎಂದರು. ಕೈ ಹಾಕಲಿಲ್ಲ. ಅವರ ಹಿಡಿಯನ್ನು ತೂಗಿದೆ, ನಲವತ್ತು ಗ್ರಾಂ ಚಿಲ್ಲರೆ. ಮಧ್ಯಾಹ್ನದ ಪಾಳಿಯವರ ಹಿಡಿ ಎಪ್ಪತ್ತರ ಹತ್ತಿರ! ಒಂದೇ ಸೂಪ್, ಒಂದೇ ಪಾತ್ರೆ, ಪಾಳಿ ಬದಲಾದರೆ ಉಪ್ಪು ಇಷ್ಟು ಏರುಪೇರು. ತಿನ್ನುವವರಿಗೆ ಆ ಏರುಪೇರೇ ತಿಳಿಯುತ್ತಿರಲಿಲ್ಲ ಅಂದ ಮೇಲೆ ನಾವು ಹದಿನೈದು ದಿನಕ್ಕೊಮ್ಮೆ ನೂರಕ್ಕೆ ಐದು ಇಳಿಸಿದರೆ ತಿಳಿಯುತ್ತದೆಯೇ? ಅಡುಗೆಯವರಿಗೆ ಸ್ಟೀಲಿನ ಅಳತೆ ಲೋಟ ಕೊಟ್ಟೆವು. ಪ್ರತಿ ಸಲ ಕತ್ತರಿಸಿ ಸ್ವಲ್ಪ ಚಿಕ್ಕದು ಮಾಡಿದೆವು. ಎರಡು ಮೂರು ಸಲ ಇಳಿಸಿದ ಮೇಲೆ ಒಂದು ತಿಂಗಳು ಬಿಡಬೇಕು. ನಾಲಿಗೆಗೆ ಒಗ್ಗಲು ಅಷ್ಟು ಸಮಯ ಬೇಕೇ ಬೇಕು.

ಇಷ್ಟಾದರೂ ತಟ್ಟೆಯ ಲೆಕ್ಕ ಮೂರೂವರೆಗಿಂತ ಕೆಳಗೆ ಬರಲಿಲ್ಲ. ಉಗ್ರಾಣದ ಪುಸ್ತಕ ಹಿಡಿದು ಕೂತೆ. ಬಂದ ಪ್ರತಿ ಸಾಮಾನಿನ ಚೀಟಿಯಲ್ಲಿದ್ದ ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿ ಉಪ್ಪಿನ ಲೆಕ್ಕಕ್ಕೆ ತಂದು ಕೂಡಿದೆ. ನಮ್ಮ ಉಪ್ಪಿನ ಚೀಲದಿಂದ ಹೋಗುತ್ತಿದ್ದುದು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಸಾಸ್, ಸೂಪಿನ ಗಟ್ಟಿ (ರುಚಿಗೆ ಕರಗಿಸಿ ಹಾಕುವ ಸ್ಟಾಕ್ ಕ್ಯೂಬ್), ಚೀಸ್, ಬ್ರೆಡ್ ಜೊತೆ ಹಿಂಬಾಗಿಲಿನಿಂದ ಬರುತ್ತಿತ್ತು. ಅಡುಗೆಯವರನ್ನು ಬೈದು ಏನು ಪ್ರಯೋಜನ? ಟೆಂಡರ್ ಬದಲಾಗಬೇಕಿತ್ತು.

ಮೊದಲ ಸಲ ಸೋಡಿಯಂ ಮಿತಿ ಹಾಕಿ ಟೆಂಡರ್ ಕರೆದಾಗ ಒಬ್ಬರನ್ನು ಬಿಟ್ಟರೆ ಸಾಸಿನವರು ಯಾರೂ ಬರಲಿಲ್ಲ. ಬಂದ ಆ ಒಬ್ಬರೂ ದರವನ್ನು ಶೇ 20 ಏರಿಸಿದ್ದರು. ಲೆಕ್ಕಪತ್ರದವರು ಕಡತವನ್ನು ನನ್ನ ಮೇಜಿಗೇ ವಾಪಸ್ ಎಸೆದರು. ಆಗ ನೆನಪಾದದ್ದು ಬ್ರಿಟನ್ನಿನ ಸಕ್ಕರೆ ಪಾನೀಯದ ತೆರಿಗೆ. 2016ರಲ್ಲಿ ಘೋಷಿಸಿ 2018ರಲ್ಲಿ ಜಾರಿ ಮಾಡಿದರು. ಆ ಎರಡು ವರ್ಷದಲ್ಲೇ ಕಂಪನಿಗಳು 100 ಮಿಲಿಲೀಟರಿಗೆ 5 ಗ್ರಾಂ ಸಕ್ಕರೆಯ ಗೆರೆಯ ಕೆಳಗೆ ಬರಲು ಸೂತ್ರ ಬದಲಾಯಿಸಿಕೊಂಡಿದ್ದವು. ನಾವೂ ಮಿತಿಯನ್ನು ಮೂರು ಮೆಟ್ಟಿಲು ಮಾಡಿ, ಮುಂದಿನ ತಾರೀಖು ಹಾಕಿ ಮತ್ತೆ ಕರೆದೆವು. ಈ ಸಲ ನಾಲ್ಕು ಜನ ಬಂದರು, ದರ ಶೇ 4ರಷ್ಟು ಜಾಸ್ತಿ. ಮಿತಿ ಯಾವ ಸಾಮಾನಿಗೆ ಎಷ್ಟು, ಯಾವುದನ್ನು ಮೊದಲು ಹಿಡಿದೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹೊಸ ಟೆಂಡರ್ ಹತ್ತಿರದಲ್ಲಿದೆ.

ಬ್ರೆಡ್ಡಿನವರದ್ದು ಬೇರೆ ಕಥೆ. ಹಿಟ್ಟಿನ ತೂಕಕ್ಕೆ ನೂರಕ್ಕೆ ಎರಡು ಉಪ್ಪು ಹಾಕುತ್ತಿದ್ದರು. ಒಂದೇ ಸಲ ಒಂದಕ್ಕೆ ಇಳಿಸಿದಾಗ ಹಿಟ್ಟು ಕೈಗೆ ಅಂಟಿತು, ಯೀಸ್ಟ್ ಬೇಗ ಉಬ್ಬಿ ಮಧ್ಯೆ ಕುಸಿಯಿತು. ಅದು ಬ್ರೆಡ್ ಅಲ್ಲ, ಸ್ಪಂಜು. ಆಸ್ಟ್ರೇಲಿಯಾದಲ್ಲಿ ವಾರಕ್ಕೆ ಶೇ 5ರಂತೆ ಇಳಿಸಿ ಆರು ವಾರದಲ್ಲಿ ಕಾಲು ಭಾಗ ತೆಗೆದರೂ ಜನಕ್ಕೆ ಗೊತ್ತಾಗಿರಲಿಲ್ಲ. ಅದೇ ದಾರಿ ಹಿಡಿದು, ನೀರು ಮತ್ತು ಉಬ್ಬುವ ಹೊತ್ತು ಎರಡನ್ನೂ ಸ್ವಲ್ಪ ಕಡಿಮೆ ಮಾಡಿದ ಮೇಲೆ ಒಂದೂಕಾಲಿಗೆ ಬಂದು ನಿಂತಿದ್ದೇವೆ. ಬ್ರಿಟನ್ನಿನ ಬ್ರೆಡ್ಡಿನಲ್ಲಿ ಐದನೇ ಒಂದು ಪಾಲು ಇಳಿಯಲು ಹತ್ತು ವರ್ಷ ಹಿಡಿದಿತ್ತು, ನೆನಪಿರಲಿ.

ದುಡ್ಡಿನ ವಿಷಯ. ಉಪ್ಪು ಅಗ್ಗ. ಅದನ್ನು ಇಳಿಸಿದರೆ ಏನೂ ಉಳಿಯುವುದಿಲ್ಲ. ಒಟ್ಟು ಸಾಮಾನಿನ ಖರ್ಚು ಶೇ 3ರಷ್ಟು ಏರಿತು. ಅದನ್ನು ತುಂಬಿಕೊಂಡಿದ್ದು ಸೂಪಿನ ಗಟ್ಟಿ ಪೂರ್ತಿ ನಿಲ್ಲಿಸಿ. ಈರುಳ್ಳಿ ಸಿಪ್ಪೆ, ಕ್ಯಾರೆಟ್ ತುದಿ, ಅಣಬೆ ಕಾಲು ಹಾಕಿ ಬೆಳಿಗ್ಗೆಯಿಂದ ಕುದಿಸುತ್ತೇವೆ. ಗ್ಯಾಸ್ ಸ್ವಲ್ಪ ಜಾಸ್ತಿ ಹೋಗುತ್ತದೆ, ಆದರೂ ಗಟ್ಟಿಗಿಂತ ಅಗ್ಗ. ಟೇಸ್ಟಿಂಗ್ ಪೌಡರನ್ನೂ ಒಂದು ತಿಂಗಳು ಪ್ರಯತ್ನಿಸಿದೆವು. ಉಪ್ಪಿನಲ್ಲಿ ಸೋಡಿಯಂ ಶೇ 39 ಇದ್ದರೆ ಅದರಲ್ಲಿ ಶೇ 12 ಮಾತ್ರ. ಲೆಕ್ಕಕ್ಕೆ ಚೆನ್ನಾಗಿಯೇ ಇತ್ತು. ಆದರೆ ಚೀಟಿಯಲ್ಲಿ ಹೆಸರು ನೋಡಿ ಒಬ್ಬರು ಗಲಾಟೆ ಮಾಡಿದರು, ಬಿಟ್ಟೆವು. ಹುಳಿ ಮಾತ್ರ ಇವತ್ತಿಗೂ ಕೈ ಹಿಡಿದಿದೆ. ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು, ಎಷ್ಟು ಹೊತ್ತಾದ ಮೇಲೆ, ಎಷ್ಟು ಅನ್ನುವುದು ನಮ್ಮ ಅಡುಗೆಯವರ ಗುಟ್ಟು.

ಚೀಸ್ ಇನ್ನೂ ಬಗ್ಗಿಲ್ಲ. ಉಪ್ಪು ಇಳಿಸಿದರೆ ಬೇಗ ಕೆಡುತ್ತದೆ ಅಂತ ಪೂರೈಕೆದಾರರು ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಸದ್ಯಕ್ಕೆ ಹೋಳು ತೆಳ್ಳಗೆ ಮಾಡಿದ್ದೇವೆ. ಟೆಂಡರ್ ಬರೆಯುವವರು ಮಿತಿಯನ್ನು 100 ಗ್ರಾಂಗೆ ಇಷ್ಟು ಮಿಲಿಗ್ರಾಂ ಸೋಡಿಯಂ ಅಂತಲೇ ಬರೆಯಿರಿ. "ಒಂದು ಸರ್ವಿಂಗ್‌ಗೆ" ಅಂತ ಬರೆದರೆ ಉಪ್ಪು ಇದ್ದಷ್ಟೇ ಇರುತ್ತದೆ, ಸರ್ವಿಂಗ್ ಚಿಕ್ಕದಾಗುತ್ತದೆ.