ಇಡಿಟಿಎ ಬೆರೆಸಿದ ಮೇಲೆ ಕಾಣಿಸಿದ ಪ್ರತಿಕಾಯ

ಗಂಡನ ಮೂತ್ರಪಿಂಡವನ್ನೇ ಪಡೆಯಬೇಕಿದ್ದ, ಮೂರು ಹೆರಿಗೆಗಳಾಗಿದ್ದ ಮಹಿಳೆಯೊಬ್ಬರ ಸಿಡಿಸಿ ಕ್ರಾಸ್‌ಮ್ಯಾಚ್ ಸ್ಪಷ್ಟವಾಗಿ ಪಾಸಿಟಿವ್ ಬಂದಿತ್ತು, ಅಂದರೆ ಅವರ ಸೀರಂ (ರಕ್ತದ ತಿಳಿ ದ್ರವ) ಮತ್ತು ಮೊಲದ ಕಾಂಪ್ಲಿಮೆಂಟ್ (ಪ್ರತಿಕಾಯ ಅಂಟಿದ ಕೋಶವನ್ನು ಕೊಲ್ಲುವ ರಕ್ತದ ಪ್ರೋಟೀನುಗಳು) ಸೇರಿಸಿದಾಗ ಗಂಡನ ಜೀವಕೋಶಗಳು ಸತ್ತಿದ್ದವು; ಐಜಿಎಂ ಬಗೆಯ ಪ್ರತಿಕಾಯಗಳನ್ನು ಕೆಡಿಸುವ ಡಿಟಿಟಿ ಹಾಕಿದರೂ ಅವು ಸಾಯುತ್ತಲೇ ಇದ್ದವು. ಆದರೆ ಒಂದೊಂದು ಪುಟ್ಟ ಮಣಿಗೂ (ಬೀಡ್) ಒಂದೊಂದೇ ಎಚ್ಎಲ್ಎ (ಅಂಗಾಂಶದ ಗುರುತಿನ ಪ್ರೋಟೀನು) ಅಂಟಿಸಿ ನೋಡುವ ಸಿಂಗಲ್ ಆಂಟಿಜೆನ್ ಬೀಡ್ ಪರೀಕ್ಷೆಯಲ್ಲಿ ಗಂಡನ ಎಚ್ಎಲ್ಎ ಗುರುತಾದ ಎ24ರ ವಿರುದ್ಧ ಎಂಎಫ್‌ಐ (ಪ್ರತಿಕಾಯದ ಪ್ರಮಾಣ ತೋರುವ ಹೊಳಪಿನ ಅಳತೆ) ಸುಮಾರು 900 ಮಾತ್ರ. ಮೊಲದ ಕಾಂಪ್ಲಿಮೆಂಟೇ ಕೆಟ್ಟಿರಬೇಕೆಂದು ನಮ್ಮ ಪ್ರಯೋಗಾಲಯದ ಹಿರಿಯರು ತೀರ್ಮಾನಿಸಿಬಿಟ್ಟಿದ್ದರು. ನೆಗೆಟಿವ್ ಕಂಟ್ರೋಲ್‌ನ ಕೋಶಗಳು (ಪ್ರತಿಕಾಯವಿಲ್ಲದ ಸೀರಂ ಹಾಕಿದವು) ಗಟ್ಟಿಯಾಗಿ ಬದುಕಿದ್ದುದರಿಂದ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಮೇಲಾಗಿ ಎ23ರ ಬೀಡ್ 7000 ದಾಟಿತ್ತು. ಎ23 ಮತ್ತು ಎ24 ಎರಡೂ ಎ9 ಎಂಬ ಹಳೆಯ ಗುರುತಿನ ಕವಲುಗಳು; ಇಷ್ಟು ಹತ್ತಿರದವುಗಳ ನಡುವೆ ಇಷ್ಟು ಅಂತರ ಸುಮ್ಮನೆ ಬರುವುದಿಲ್ಲ.

ನನ್ನ ಅನುಮಾನ ರೋಗಿಯದೇ ಕಾಂಪ್ಲಿಮೆಂಟ್ ಮೇಲಿತ್ತು. ಪ್ರತಿಕಾಯಗಳು ಬೀಡ್ ಮೇಲೆ ಒತ್ತೊತ್ತಾಗಿ ಕುಳಿತಾಗ ಕಾಂಪ್ಲಿಮೆಂಟಿನ ಮೊದಲ ಪ್ರೋಟೀನಾದ ಸಿ1 ಬಂದು ಅಂಟಿಕೊಂಡು, ಸಿ4 ಮತ್ತು ಸಿ3ರ ತುಣುಕುಗಳು ಅವನ್ನು ಮುಚ್ಚಿಬಿಟ್ಟರೆ, ಅವನ್ನು ಅಳೆಯಲು ಹಾಕುವ ಹೊಳೆಯುವ ಎರಡನೆಯ ಪ್ರತಿಕಾಯಕ್ಕೆ ಜಾಗವೇ ಇರುವುದಿಲ್ಲ.

ಮೊದಲು ಕಾಂಪ್ಲಿಮೆಂಟನ್ನು ನಿಷ್ಕ್ರಿಯಗೊಳಿಸಲು ಸೀರಂ ಅನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ನೋಡಿದೆ. ಕೆಲವು ಸೀರಂಗಳು ಕದಡಿಹೋಗಿ ಹಿನ್ನೆಲೆಯ ಹೊಳಪು ಏರಿತು. ಹತ್ತು ಪಟ್ಟು ತೆಳುಮಾಡಿದಾಗ ಎ24 ಮೇಲೆದ್ದಿತಾದರೂ ದುರ್ಬಲ ಪ್ರತಿಕಾಯಗಳು ಮಾಯವಾದವು. ಪ್ರತಿಯೊಂದು ತೆಳುವಿಗೂ ಇನ್ನೊಂದು ಪರೀಕ್ಷೆಯ ಬೀಡ್ ಬೇಕು, ಒಂದಕ್ಕೆ ಹತ್ತು ಸಾವಿರದ ಆಸುಪಾಸು ಖರ್ಚು. ಲೆಕ್ಕಪತ್ರದವರು ಮೂರನೆಯ ಬಾರಿಗೆ ಸಹಿ ಹಾಕಲು ಒಪ್ಪಲಿಲ್ಲ.

ಕೊನೆಗೆ ಕೈಹಿಡಿದದ್ದು ಕೆಲವು ನೂರು ರೂಪಾಯಿಯ ಇಡಿಟಿಎ ಎಂಬ ರಾಸಾಯನಿಕದ ಡಬ್ಬಿ. ಅದು ಕ್ಯಾಲ್ಸಿಯಂ ಅನ್ನು ಕಸಿದುಕೊಂಡ ಕೂಡಲೇ ಸಿ1 ಬಿಡಿಬಿಡಿಯಾಗುತ್ತದೆ. ಪಿಎಚ್ 8ರ ಹತ್ತಿರ ತಂದ ಹೊರತು ಪುಡಿ ಸರಿಯಾಗಿ ಕರಗುವುದಿಲ್ಲ. ಸೀರಂನಲ್ಲಿ ಕೊನೆಯ ಪ್ರಮಾಣ ಸುಮಾರು 10 ಮಿಲಿಮೋಲಾರ್ ಇದ್ದರೆ ಸಾಕು. ಬೀಡ್ ಹಾಕುವ ಮುನ್ನ ಎಷ್ಟು ಹೊತ್ತು ಬಿಡಬೇಕೆಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ, ನಿಮ್ಮ ಪಾಸಿಟಿವ್ ಸೀರಂ ಅದನ್ನು ಕಲಿಸುತ್ತದೆ. ಅದೇ ಎ24 ಈ ಬಾರಿ 15000 ಮೀರಿತು. ಫಲಿತಾಂಶದ ಹಾಳೆಯನ್ನು ಹಿರಿಯರ ಮೇಜಿನ ಮೇಲಿಟ್ಟು ಬರುವಾಗ ನನಗೆ ಸ್ವಲ್ಪ ಗರ್ವವೇ ಆಗಿತ್ತೆಂದು ಬರೆಯಲು ಸಂಕೋಚವಿಲ್ಲ.

ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನ ಪ್ಲಾಸ್ಮಾವನ್ನೇ ನೇರವಾಗಿ ಬಳಸಿಯೂ ನೋಡಿದೆ. ಫಲಿತಾಂಶ ಹೆಚ್ಚುಕಡಿಮೆ ಅದೇ, ಆದರೆ ಫ್ರೀಜರಿನಲ್ಲಿ ಸೀರಂ ಆಗಿಯೇ ಕುಳಿತಿರುವ ಹಳೆಯ ಮಾದರಿಗಳಿಗೆ ಅದರಿಂದ ಪ್ರಯೋಜನವಿಲ್ಲ. ಕಾಂಪ್ಲಿಮೆಂಟನ್ನು ಹಿಡಿಯುವ ಪ್ರತಿಕಾಯಗಳನ್ನಷ್ಟೇ ತೋರುವ ದುಬಾರಿ ಸಿ1ಕ್ಯು ಕಿಟ್ ಕೂಡ ತರಿಸಿದೆವು. ಇಡಿಟಿಎ ನಂತರ ಎತ್ತರದಲ್ಲಿದ್ದ ಬೀಡ್‌ಗಳೇ ಅದರಲ್ಲೂ ಪಾಸಿಟಿವ್ ಬಂದುವಾದ್ದರಿಂದ ಮತ್ತೆ ಕೊಳ್ಳಲಿಲ್ಲ.

ಆ ದಂಪತಿಯನ್ನು ವಿನಿಮಯ ಕಸಿಯ (ಹೊಂದದ ಜೋಡಿಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳುವ) ಪಟ್ಟಿಗೆ ಸೇರಿಸಲಾಯಿತು. ಮಾನವ ಅಂಗಾಂಗ ಕಸಿಯ 2011ರ ತಿದ್ದುಪಡಿ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಈಗ ನಮ್ಮಲ್ಲಿ ಹೆರಿಗೆ, ರಕ್ತ ಪಡೆದದ್ದು ಅಥವಾ ಹಿಂದಿನ ಕಸಿಯ ಇತಿಹಾಸವಿರುವ ಯಾರ ಸೀರಂ ಕೂಡ ಇಡಿಟಿಎ ಬೆರೆಸದೆ ಬೀಡ್ ಹತ್ತಿರ ಹೋಗುವುದಿಲ್ಲ.